ಮೂರು ಬೆರಳು ಬಟ್ಟೆ

ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಆಂಟಿ ಒಂದು ಕವರ್ ಕೈಗಿಟ್ಟರು. ಪಕ್ಕದ ಬೀದಿಯ ಹುಡುಗಿಗೆ ತಲುಪಿಸಬೇಕಂತೆ. ಒಳಗೆ ಸ್ಕೂಲಿನ ನೀಲಿ ಲಂಗ, ಅವರೇ ಹೊಲಿದದ್ದು.

ಸುಮ್ನೆ ತಿರುಗಿಸಿ ನೋಡಿದೆ. ಅಂಚಿನಲ್ಲಿ ಮೂರು ಬೆರಳಷ್ಟು ಬಟ್ಟೆ ಒಳಕ್ಕೆ ಮಡಚಿ ಕೈಹೊಲಿಗೆ ಹಾಕಿದ್ದಾರೆ. "ಮುಂದಿನ ವರ್ಷ ಉದ್ದ ಆಗ್ತಾಳಲ್ಲಮ್ಮ, ಆಗ ಬಿಚ್ಚಿದ್ರೆ ಸಾಕು" ಅಂದರು.

ಆ ಮಡಿಕೆ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಮನೆಗೆ ಬಂದು ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ತೆಗೆದೆ. ಯೊಪ್ಪ ಊರಿನ ತಬಿಥಾ. ಗ್ರೀಕಿನಲ್ಲಿ ದೊರ್ಕ, ಅಂದರೆ ಜಿಂಕೆ. ಅವಳು ಆಡಿದ ಒಂದು ಮಾತೂ ಅಲ್ಲಿಲ್ಲ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟ ಅಂಗಿಗಳನ್ನು, ಮೇಲಂಗಿಗಳನ್ನು. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ 'ಶಿಷ್ಯೆ' ಅನ್ನುವ ಹೆಣ್ಣುರೂಪದ ಪದ ಬರುವುದು ಒಂದೇ ಒಂದು ಸಲ. ಅದು ಇವಳಿಗೆ!

ವೆಲ್ಲೂರಿನ ಇಡಾ ಸ್ಕಡರ್ ಕೂಡ ನೆನಪಾದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದ ಡಾಕ್ಟರ್. ನಮ್ಮ ಕಡೆಯಿಂದ ಈಗಲೂ ಎಷ್ಟು ಜನ ಅವರು ಕಟ್ಟಿದ ಆಸ್ಪತ್ರೆಗೆ ಹೋಗುತ್ತಾರೆ, ಅಲ್ವಾ?

ಆದರೆ ಇವತ್ತು ನನ್ನ ಮನಸ್ಸು ಆ ಲಂಗದಲ್ಲೇ ಇದೆ. ಸೇವೆ ಅಂದರೆ ವೇದಿಕೆ, ಮೈಕು, ಹಾಡು ಅಂತಲೇ ಜಾಸ್ತಿ ಯೋಚಿಸುತ್ತಿದ್ದೆ. ಆಂಟಿ ಆ ಮಗುವಿನ ಮುಂದಿನ ವರ್ಷದ ಎತ್ತರವನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ. ನನಗೆ ಅದು ಪ್ರಾರ್ಥನೆಯ ಹಾಗೇ ಕಂಡಿತು.

ಸಂಜೆ ಕೊಟ್ಟು ಬಂದೆ. ಹುಡುಗಿ ಅಲ್ಲೇ ಹಾಕಿಕೊಂಡು ಗಿರ್ರನೆ ಒಂದು ಸುತ್ತು ತಿರುಗಿದಳು. ಆಂಟಿಗೆ ಫೋನ್ ಮಾಡಿ ಹೇಳಿದೆ. ಮುಂದಿನ ಭಾನುವಾರ ನನಗೂ ಅಂಚು ಹೊಲಿಯೋದು ಕಲಿಸುತ್ತಾರಂತೆ.