ಬೆಳಕು ಮೊದಲು, ಬಿಸಿ ಆಮೇಲೆ

ಗುರುವಾರ, 27 ಫೆಬ್ರವರಿ 2025

ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟೆ. ಮಧ್ಯಾಹ್ನದ ಹೊತ್ತಿಗೆ ಅದು ಚೀಲ ಸೇರಿತು, ಕತ್ತಲಾಗುತ್ತಲೇ ಮತ್ತೆ ಮೈಮೇಲೆ ಬಂತು. ಈ ವಾರ ಎಲ್ಲರ ಬಾಯಲ್ಲೂ ಒಂದೇ ದೂರು: ಇದೆಂಥ ಹವೆ, ಪೂರ್ತಿ ಚಳಿಯೂ ಅಲ್ಲ, ಪೂರ್ತಿ ಬಿಸಿಲೂ ಅಲ್ಲ. ನನಗೋ ಇಡೀ ವರ್ಷದಲ್ಲಿ ಈ ಕೆಲವು ವಾರಗಳ ಮೇಲೆಯೇ ಹೆಚ್ಚು ಪ್ರೀತಿ. ಯಾಕೆಂದು ಇವತ್ತು ಬರೆದಿಡಬೇಕು ಅನ್ನಿಸಿದೆ.

ಹವೆಯ ಈ ಚಂಚಲತೆಗೆ ಕಾರಣ ಸರಳ. ಗಾಳಿ ಒಣಗಿದೆ, ಆಕಾಶದಲ್ಲಿ ಮೋಡವಿಲ್ಲ. ಹಗಲಿನ ಬಿಸಿಲಿಗೆ ನೆಲ ಬೇಗ ಕಾಯುತ್ತದೆ. ರಾತ್ರಿ ಆ ಶಾಖವನ್ನು ಹಿಡಿದಿಡಲು ಮೇಲೆ ಹೊದಿಕೆಯಿಲ್ಲದೆ ಅಷ್ಟೇ ಬೇಗ ತಣ್ಣಗಾಗುತ್ತದೆ. ಒಂದೇ ದಿನದೊಳಗೆ ಎರಡು ಋತುಗಳು ಬಂದುಹೋದಂತೆ ತೋರುವುದು ಇದರಿಂದ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಬೆಳಕಿನ ಲೆಕ್ಕದ ಮೇಲೆ. ಭೂಮಿಯ ಈ ಉತ್ತರದ ಅರ್ಧದಲ್ಲಿ ಡಿಸೆಂಬರ್ 21ರ ಆಸುಪಾಸಿಗೆ ಹಗಲು ಅತ್ಯಂತ ಕಿರಿದಾಗುತ್ತದೆ. ಅಲ್ಲಿಂದಾಚೆ ಪ್ರತಿದಿನವೂ ತುಸು ಹಿಗ್ಗುತ್ತದೆ, ಅದೂ ಮೊದಲು ಸಂಜೆಯ ಕಡೆಯಿಂದ. ಸೂರ್ಯೋದಯ ಜನವರಿಯಲ್ಲೂ ಕೆಲವು ದಿನ ತಡವಾಗುತ್ತಲೇ ಹೋಗುತ್ತದೆ. ಇಷ್ಟಾದರೂ ಕಡುಚಳಿ ಬರುವುದು ಸಾಮಾನ್ಯವಾಗಿ ಜನವರಿಯಲ್ಲೇ. ನೆಲವೂ ಸಮುದ್ರವೂ ಪಡೆಯುವ ಶಾಖಕ್ಕಿಂತ ಕಳೆದುಕೊಳ್ಳುವುದೇ ಇನ್ನೂ ಹೆಚ್ಚಿರುತ್ತದೆ. ಅಂದರೆ ಚಳಿ ಏರುತ್ತಿದ್ದ ದಿನಗಳಲ್ಲೇ ಬೆಳಕು ಹಿಂತಿರುಗಲು ಶುರುಮಾಡಿತ್ತು. ಇನ್ನೊಂದು ಸಂಗತಿ ನನ್ನನ್ನು ಪ್ರತಿವರ್ಷ ಬೆರಗುಗೊಳಿಸುತ್ತದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ, ಇರುವುದು ಜನವರಿಯ ಮೊದಲ ವಾರದಲ್ಲಿ. ನಾವು ನಡುಗುತ್ತಿರುವಾಗ ಸೂರ್ಯ ದೂರ ಹೋಗಿರುವುದೇ ಇಲ್ಲ! ಭೂಮಿಯ ಅಕ್ಷದ 23.4 ಡಿಗ್ರಿ ಓರೆಯಿಂದಾಗಿ ಕಿರಣಗಳು ನಮಗೆ ವಾಲಿಕೊಂಡು ತಲುಪುತ್ತವೆ, ಅಷ್ಟೆ.

ಈ ವರ್ಷ ಇದನ್ನೆಲ್ಲ ಇಷ್ಟು ಗಮನಿಸುತ್ತಿರುವುದು ಅಮ್ಮನಿಂದಾಗಿ. ಡಿಸೆಂಬರಿನಲ್ಲಿ ಅವಳಿಗೆ ನ್ಯುಮೋನಿಯಾ ಆಗಿತ್ತು. ತಿಂಗಳ ಕೊನೆಗೆ ಎಕ್ಸ್‌ರೇ ತಿಳಿಯಾಯಿತು, ಜ್ವರ ಬಿಟ್ಟಿತು, ಗುಣವಾಗಿದೆ ಎಂದು ವೈದ್ಯರು ಹೇಳಿದರು. ಆದರೆ ಜನವರಿಯುದ್ದಕ್ಕೂ ಅವಳಿಗೆ ನಾಲ್ಕು ಮೆಟ್ಟಿಲು ಹತ್ತುವಷ್ಟು ಕಸುವು ಇರಲಿಲ್ಲ. ಒಮ್ಮೆ ಮಂಚದ ಅಂಚಿನಲ್ಲಿ ಕುಳಿತು, ‘ಗುಣವಾಗಿದೆ ಅಂತ ಎಲ್ಲರೂ ಹೇಳುತ್ತೀರಿ, ನನ್ನ ಮೈಗೆ ಮಾತ್ರ ಅದು ಗೊತ್ತಾಗಿಲ್ಲ’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಸಂಜೆ ಆರು ದಾಟಿದರೂ ಉಳಿದಿರುವ ಬೆಳಕಿನಲ್ಲಿ ಅವಳ ಜೊತೆ ಬೀದಿಯ ಕೊನೆಯವರೆಗೆ ನಡೆಯುವಾಗ, ಆ ದಿನಗಳಲ್ಲಿ ಒಳಗೊಳಗೇ ಏನು ನಡೆದಿತ್ತೋ ಅದಕ್ಕೆಲ್ಲ ಕೃತಜ್ಞತೆ ಉಕ್ಕುತ್ತದೆ.

ಇವತ್ತಿನ ನಡಿಗೆಯಲ್ಲಿ ಎಲೆಯುದುರಿದ ಮರವೊಂದರ ಕೆಳಗೆ ನಿಂತೆವು. ಕೈಗೆಟುಕುವ ಕೊಂಬೆಯೊಂದನ್ನು ಬಗ್ಗಿಸಿ ಅಮ್ಮನಿಗೆ ತೋರಿಸಿದೆ: ಎಲೆ ಕಳಚಿದಲ್ಲಿ ಒಂದು ಸಣ್ಣ ಗಾಯದ ಗುರುತು, ಅದರ ಮಗ್ಗುಲಲ್ಲೇ ಮೇಲ್ಗಡೆ ಒಂದು ಮೊಗ್ಗು. ಎಲೆ ಹಸಿರಾಗಿದ್ದಾಗಲೇ ಅದರ ಬುಡದಲ್ಲಿ ಆ ಮೊಗ್ಗು ಮೂಡಿರುತ್ತದೆ. ಉದುರಿಸುವ ಮುನ್ನ ಮರ ಎಲೆಯೊಳಗಿನ ಸಾರಜನಕದ ಬಹುಪಾಲನ್ನು ಹಿಂದಕ್ಕೆ ಎಳೆದುಕೊಂಡು ಕೂಡಿಡುತ್ತದೆ. ಹೊಸ ಚಿಗುರಿಗೆ ಒದಗುವುದು ಆ ಉಳಿತಾಯ. ಸೇಬು, ಚೆರ್ರಿಯಂಥ ಮರಗಳಿಗೆ ನೂರಾರು ಗಂಟೆಗಳ ಚಳಿ ತಟ್ಟದಿದ್ದರೆ ವಸಂತದಲ್ಲಿ ಮೊಗ್ಗು ಸರಿಯಾಗಿ ಬಿರಿಯುವುದೇ ಇಲ್ಲ. ಅವುಗಳ ಮಟ್ಟಿಗೆ ಚಳಿಗಾಲವೆಂದರೆ ಹೂವಿನ ಅರ್ಧ ಕೆಲಸ. ಇದನ್ನು ಹೇಳಿ, ಚಳಿಗೂ ನಾವು ಋಣಿಗಳು ಅಂದೆ. ‘ಅದನ್ನು ನನ್ನ ಮಂಡಿಗೆ ಹೇಳು’ ಅಂದಳು ಅಮ್ಮ. ಅವಳ ಮಾತನ್ನೂ ಒಪ್ಪಬೇಕು. ಚಳಿಯಲ್ಲಿ ನೋವುಂಡವರ ಎದುರು ಚಳಿಯನ್ನು ಹೊಗಳಿಕೊಂಡು ಕೂರಲಾಗದು. ನನ್ನ ಕೃತಜ್ಞತೆ ಆ ನೋವಿಗಲ್ಲ. ನೋವಿನ ದಿನಗಳಲ್ಲೂ ನಿಲ್ಲದೆ ನಡೆದ ಕೆಲಸಕ್ಕೆ.

ಬೆಳಕು ಹಿಂತಿರುಗುತ್ತಿರುವುದು ಹಕ್ಕಿಗಳಿಗೆ ನಮಗಿಂತ ಮೊದಲೇ ತಿಳಿಯುತ್ತದೆ. ಹಗಲಿನ ಉದ್ದ ಅವುಗಳ ಮೈಯಲ್ಲಿ ಹಾರ್ಮೋನುಗಳನ್ನು ಎಚ್ಚರಿಸುತ್ತದೆ. ಇನ್ನೂ ಮಂಜು ಕವಿದಿರುವ ಬೆಳಗಿನಲ್ಲೇ ಅವು ಹಾಡಲು ತೊಡಗುತ್ತವೆ. ನಮ್ಮ ಕಿಟಕಿಯಾಚೆಗಿನ ಒಂದು ಹಕ್ಕಿ ಈಗ ಅಲಾರಾಂಗೂ ಮುಂಚೆ ಎಬ್ಬಿಸುತ್ತಿದೆ. ಅದರ ಹೆಸರು ನನಗೆ ಗೊತ್ತಿಲ್ಲ, ದನಿ ಮಾತ್ರ ಚೆನ್ನಾಗಿ ಗೊತ್ತು.

ಹಗಲು ಅತಿ ವೇಗವಾಗಿ ಬೆಳೆಯುವುದು ಹಗಲೂ ಇರುಳೂ ಹೆಚ್ಚುಕಡಿಮೆ ಸಮವಾಗುವ ಮಾರ್ಚ್ 20ರ ವಿಷುವತ್ತಿನ ಆಸುಪಾಸಿನಲ್ಲಿ. ಅಷ್ಟರೊಳಗೆ ಬೀದಿಯ ತಿರುವು ದಾಟಿ ಉದ್ಯಾನದ ಗೇಟಿನವರೆಗೆ ನಡೆಯಬೇಕೆಂದು ಅಮ್ಮ ಪಟ್ಟು ಹಿಡಿದಿದ್ದಾಳೆ. ಶಾಲು ಬೇಡವಂತೆ. ಅದೊಂದಕ್ಕೆ ಮಾತ್ರ ನಾನಿನ್ನೂ ಒಪ್ಪಿಲ್ಲ.