ಹಳೇ ಟವರ್ ಬಿಚ್ಚಿದ ದಿನ

ನಾಲ್ಕನೇ ಹಾರ್ಡ್ ಡಿಸ್ಕ್ ಎರಡು ದಿನದಿಂದ ಕರಕರ ಅನ್ನುತ್ತಿತ್ತು. ಭಾನುವಾರ ಬೆಳಗ್ಗೆ ಮೇಜಿನ ಕೆಳಗಿಂದ ನನ್ನ ಮ್ಯಾಕ್ ಪ್ರೋ ಟವರ್ ಹೊರಗೆಳೆದೆ. ಆಪಲ್ ಕಂಪನಿಯ ದೊಡ್ಡ ಪೆಟ್ಟಿಗೆಯಂಥ ಕಂಪ್ಯೂಟರ್ ಅದು. 2010ರ ಮಾಡೆಲ್, 18 ಕೆಜಿಗೂ ಜಾಸ್ತಿ ಭಾರ. ವಿಡಿಯೊ ಎಡಿಟಿಂಗ್ ನನ್ನ ಹೊಟ್ಟೆಪಾಡು. ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದು ಇದೇ ಮೆಷಿನ್.

ಹಿಂದಿನ ಲಿವರ್ ಎತ್ತಿದೆ, ಪಕ್ಕದ ಬಾಗಿಲು ಪೂರ್ತಿ ಕೈಗೆ ಬಂತು. ಡಿಸ್ಕ್‌ಗಳಿಗೆ ನಾಲ್ಕು ಟ್ರೇ. ಹಿಡಿದೆಳೆದರೆ ಜಾರಿಕೊಂಡು ಬರುತ್ತವೆ, ಒಂದು ಕೇಬಲ್ಲೂ ಅಡ್ಡ ಬರುವುದಿಲ್ಲ. ಫ್ಯಾನ್ ರೆಕ್ಕೆಗಳ ಮೇಲೆ ಧೂಳು ಹತ್ತಿಯ ಹಾಗೆ ಕೂತಿತ್ತು. ಬ್ರಷ್‌ನಿಂದ ಮೆಲ್ಲಗೆ ತೆಗೆದೆ. ಕೆಲಸ ದೊಡ್ಡದಾದಾಗೆಲ್ಲ ಇದೇ ಬಾಗಿಲು ತೆಗೆದು ಮೆಮೊರಿ ಸೇರಿಸಿದ್ದೆ, ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿದ್ದೆ. ನನ್ನ ಜೊತೆಗೇ ಬೆಳೆದ ಮೆಷಿನ್ ಇದು.

2013ರಲ್ಲಿ ಆಪಲ್ ಇದರ ಜಾಗಕ್ಕೆ ಕಪ್ಪು ಸಿಲಿಂಡರ್ ಆಕಾರದ ಹೊಸ ಮ್ಯಾಕ್ ಪ್ರೋ ತಂದಿತು. ಸುಮಾರು 25 ಸೆಂಟಿಮೀಟರ್ ಎತ್ತರ, ನೋಡಲು ಬಲು ಚೆಂದ. ಆದರೆ ಒಳಗೆ ಕಾರ್ಡ್ ಹಾಕಲು ಸ್ಲಾಟ್ ಇಲ್ಲ. ಬೇಕಾದದ್ದನ್ನೆಲ್ಲ ಹೊರಗೆ ಕೇಬಲ್‌ಗೆ ನೇತುಹಾಕಬೇಕು. ಎರಡು ಗ್ರಾಫಿಕ್ಸ್ ಚಿಪ್‌ಗಳ ಬಿಸಿಗೆ ಲೆಕ್ಕ ಹಾಕಿ ಮಾಡಿದ ಮೈ ಅದು. ಮುಂದೆ ಕೆಲಸಕ್ಕೆ ಒಂದೇ ದೊಡ್ಡ ಗ್ರಾಫಿಕ್ಸ್ ಚಿಪ್ ಬೇಕಾಯಿತು, ಅಂಥ ಚಿಪ್‌ನ ಬಿಸಿ ತಡೆಯುವ ಶಕ್ತಿ ಆ ಮೈಗೆ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಕಂಪನಿಯ ದೊಡ್ಡವರೇ ಪತ್ರಕರ್ತರನ್ನು ಕರೆದು ಇದನ್ನು ಒಪ್ಪಿಕೊಂಡರು. ಬಿಡಿಭಾಗ ಬದಲಾಯಿಸಬಹುದಾದ ಹೊಸದನ್ನು ಮಾಡುತ್ತೇವೆ ಅಂದರು. ಅಷ್ಟು ದೊಡ್ಡ ಕಂಪನಿ ಹೀಗೆ ಹೇಳುವುದು ಅಪರೂಪ ಅಲ್ವಾ? ಆ ಸುದ್ದಿಯನ್ನು ನಾನು ಎರಡು ಸಲ ಓದಿದ್ದೆ.

2019ರಲ್ಲಿ ಮಾತು ಉಳಿಸಿಕೊಂಡರು. ಮತ್ತೆ ಟವರ್, 8 ಸ್ಲಾಟ್, 1.5 ಟಿಬಿವರೆಗೆ, ಅಂದರೆ ಸುಮಾರು 1,500 ಜಿಬಿವರೆಗೆ ಮೆಮೊರಿ. ನನ್ನಂಥ ಒಂಟಿ ಎಡಿಟರ್ ಕೈಗೆ ಎಟುಕುವ ಬೆಲೆಯಲ್ಲ, ಆದರೂ ಖುಷಿಯಾಯಿತು. 2023ರಲ್ಲಿ ಅದೇ ಪೆಟ್ಟಿಗೆಗೆ ತಮ್ಮದೇ ಚಿಪ್ ಹಾಕಿದರು. ವೇಗಕ್ಕೆ ಕೊರತೆಯಿಲ್ಲ. ಆದರೆ ಮೆಮೊರಿ 192 ಜಿಬಿಗೆ ನಿಂತಿತು. ಅದೂ ಕೊಳ್ಳುವಾಗ ತೆಗೆದುಕೊಂಡಷ್ಟೇ, ಆಮೇಲೆ ಸೇರಿಸುವ ಹಾಗಿಲ್ಲ. ಸ್ಲಾಟ್ ಉಂಟು, ಗ್ರಾಫಿಕ್ಸ್ ಕಾರ್ಡ್ ಮಾತ್ರ ನಡೆಯುವುದಿಲ್ಲ.

ಒಂದು ಮೆಷಿನ್ ನಂಬಿ ನಾವು ಸಾಫ್ಟ್‌ವೇರ್, ಕಾರ್ಡ್, ಡಿಸ್ಕ್, ಕೆಲಸದ ರೂಢಿ ಎಲ್ಲ ಕಟ್ಟಿಕೊಳ್ಳುತ್ತೇವೆ. ನಾಲ್ಕಾರು ವರ್ಷಕ್ಕೊಮ್ಮೆ ದಾರಿ ಬದಲಾದರೆ ಏನನ್ನು ನಂಬಿ ಕಟ್ಟುವುದು? ನನಗೆ ವೇಗಕ್ಕಿಂತ ಮೊದಲು ಬೇಕಿರುವುದು ಆ ಭರವಸೆ.

ಮಧ್ಯಾಹ್ನದ ಹೊತ್ತಿಗೆ ಧೂಳೆಲ್ಲ ಹೋಯಿತು. ಹೊಸ ಡಿಸ್ಕನ್ನು ಟ್ರೇಗೆ ಕೂರಿಸಿ ಒಳಗೆ ತಳ್ಳಿದೆ. ಟಕ್ ಅಂತ ಕೂತಿತು. ಬಾಗಿಲು ಮುಚ್ಚಿ ಬಟನ್ ಒತ್ತಿದೆ. ಬಿಳಿ ದೀಪ ಹತ್ತಿತು. ಮರುಕ್ಷಣವೇ ಮ್ಯಾಕ್ ಶುರುವಾಗುವಾಗಿನ ಆ ಹಳೇ ಗಂಟೆಯ ದನಿ ಕೇಳಿಸಿತು.