ಜೆರಾಕ್ಸ್ ಕಟ್ಟಿನಿಂದ ಟ್ಯಾಬ್‌ಗೆ: ಆರನೇ ವಾರ

ಮಂಗಳೂರಿನ ನಮ್ಮ ಚರ್ಚ್ ಕ್ವಾಯರ್ (ಗಾಯನ ತಂಡ) ಸ್ವರಲಿಪಿಯ ಜೆರಾಕ್ಸ್ ಹಾಳೆ ಬಿಟ್ಟು ಟ್ಯಾಬ್‌ಗೆ ಬದಲಾಗುತ್ತಿದೆ. ಹಾಡಿಸುವುದು ನಾನು. 22 ಜನ, ಟ್ಯಾಬ್ 7. ಹೆಣ್ಣು ದನಿಯ ಸೊಪ್ರಾನೊ (ಮೇಲಿನದು), ಆಲ್ಟೊ (ಕೆಳಗಿನದು) ಸಾಲುಗಳಿಗೆ ಎರಡೆರಡು, ಗಂಡು ದನಿಯ ಟೆನರ್ (ಮೇಲಿನದು), ಬಾಸ್ (ಕೆಳಗಿನದು) ಸಾಲುಗಳಿಗೆ ಒಂದೊಂದು, ಉಳಿದದ್ದು ಕೀಬೋರ್ಡಿಗೆ. ಕ್ರಿಸ್ಮಸ್ ಹೊತ್ತಿಗೆ ಇವುಗಳನ್ನೇ ನೋಡಿ ಹಾಡಬೇಕೆಂಬ ಹಟ.

ಮೊದಲೆರಡು ವಾರ ಹಳೆಯ ಹಾಳೆಗಳನ್ನು ಸ್ಕ್ಯಾನ್ ಮಾಡುವುದರಲ್ಲೇ ಹೋಯಿತು. ಅದು ಕೆಲಸಕ್ಕೆ ಬರಲಿಲ್ಲ. ಎ4 ಹಾಳೆ ಮೂಲೆಯಿಂದ ಮೂಲೆಗೆ 14 ಇಂಚಿಗಿಂತ ಹೆಚ್ಚು, ನಮ್ಮ ಟ್ಯಾಬ್ 10.5 ಇಂಚು. ಸಾಹಿತ್ಯ ಕಣ್ಣಿಗೇ ಬೀಳುತ್ತಿರಲಿಲ್ಲ. ಕೊನೆಗೆ ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಲು ಕೂತೆ. ತಂತ್ರಾಂಶ ಉಚಿತ, ಪುಟದ ಅಳತೆಯನ್ನೇ ಪರದೆಗೆ ಹೊಂದಿಸಬಹುದು. ಹ್ಯಾಂಡೆಲ್‌ನಂಥ ಹಳಬರ ರಚನೆಗಳಿಗೆ ಕಾಪಿರೈಟ್ ಹಕ್ಕಿನ ತೊಡಕಿಲ್ಲ. ನಮ್ಮ ಕಾನೂನಿನಂತೆ ರಚನಕಾರರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುವುದರಿಂದ ಈಚಿನವರ ಪ್ರತಿಗಳನ್ನು ದುಡ್ಡು ಕೊಟ್ಟೇ ತರಿಸಿದೆವು.

ನಿಜವಾದ ಕಷ್ಟ ಕನ್ನಡ ಸಾಹಿತ್ಯದ್ದು. ಒತ್ತಕ್ಷರಗಳ ಬಾಲ ಕೆಳಗಿನ ಸ್ವರಲಿಪಿಯ ಗೆರೆಗಳಿಗೆ ತಾಗುತ್ತಿತ್ತು, ಸಾಲುಗಳ ನಡುವೆ ಜಾಗ ಹೆಚ್ಚಿಸಿ ಅದನ್ನು ಸರಿಮಾಡಿದೆ. ಆದರೆ ‘ಕ್ರಿಸ್ತನು’ ಎಂಬ ಒಂದು ಪದ ಎರಡು ಪ್ರಾಕ್ಟೀಸ್ ನುಂಗಿತು. ಮೊದಲ ಸ್ವರ ಮೂರು ಮಾತ್ರೆ ಉದ್ದ. ‘ಕ್ರಿಸ್-ತ-ನು’ ಎಂದು ಒಡೆದರೆ ಆಲ್ಟೊದವರು ಇಕಾರವನ್ನು ಬೇಗ ಬಿಟ್ಟು ‘ಸ್ಸ್ಸ್’ ಎಳೆದರು. ‘ಕ್ರಿ-ಸ್ತ-ನು’ ಎಂದು ಬರೆದರೆ ಟೆನರ್‌ನ ಸಕಾರ ತಾಳದ ಮೇಲೆ ಬಿದ್ದು, ತಕಾರ ತಡವಾಯಿತು. ಕೊನೆಗೆ ಎರಡನೆಯದನ್ನೇ ಇಟ್ಟುಕೊಂಡು, ಮೂರನೇ ಮಾತ್ರೆಯ ತುದಿಯಲ್ಲಿ ಸ್ಟೈಲಸ್‌ನಿಂದ ಕೆಂಪು ಗೀಟು ಹಾಕಿದೆ: ಸಕಾರ ಇಲ್ಲಿ, ಎಲ್ಲರೂ ಒಟ್ಟಿಗೆ. ಆ ಪುಟ ಐದು ನಿಮಿಷದಲ್ಲಿ ಏಳು ಟ್ಯಾಬ್‌ಗೂ ಹೋಯಿತು. ಹಿಂದೆ ‘ಪೆನ್ಸಿಲ್ ತೆಗೀರಿ’ ಎಂದು ಹೇಳಿ ಗುರುತು ಹಾಕಿಸುತ್ತಿದ್ದೆ. ಮುಂದಿನ ವಾರ ಅರ್ಧ ಜನ ಗುರುತಿಲ್ಲದ ಹೊಸ ಜೆರಾಕ್ಸ್ ಹಿಡಿದು ಬರುತ್ತಿದ್ದರು. ಕಾಗದ ಉಳಿಯುವುದಕ್ಕಿಂತ ನನಗೆ ಇದೇ ದೊಡ್ಡ ಲಾಭ.

ಬಾಸ್‌ನ ಹಿರಿಯ ಅಂಕಲ್ ಕಲಿತದ್ದು ಟಾನಿಕ್ ಸೋಲ್‌ಫಾ, 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಹಬ್ಬಿಸಿದ, ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ಪದ್ಧತಿ. ನಮ್ಮ ಷಡ್ಜದ ಹಾಗೆ ಅದರ ‘ಡೊ’ ಯಾವ ಶ್ರುತಿಯಲ್ಲಾದರೂ ಕೂರುತ್ತದೆ. “ಈ ಗೆರೆಯೆಲ್ಲ ನನಗೆ ಗೊತ್ತಾಗುದಿಲ್ಲ ಮಗಾ, ಡೊ ಎಲ್ಲಿ ಹೇಳು, ಸಾಕು,” ಅಂದರು. ಬಾಸ್ ಸಾಲಿನ ಮೇಲೆ ಸೋಲ್‌ಫಾ ಅಕ್ಷರ ಸೇರಿಸಿ ಬೇರೆ ಫೈಲ್ ಮಾಡಿಕೊಟ್ಟೆ. ಈಗ ಪಕ್ಕದ ಹುಡುಗರೂ ಅದನ್ನೇ ಇಣುಕುತ್ತಾರೆ.

ಮನೆಪಾಠಕ್ಕೆ ಪ್ರತಿ ಪಾರ್ಟಿನ ಧ್ವನಿ ಮುಂದೆ ಮಾಡಿ, ಉಳಿದವನ್ನು ತಗ್ಗಿಸಿ, ನಿಧಾನಗತಿಯ ಆಡಿಯೊ ಕಳಿಸುತ್ತಿದ್ದೇನೆ. ಆಲ್ಟೊದವರಿಗೆ ಬಹಳ ಅನುಕೂಲವಾಗಿದೆ.

ಸಣ್ಣಪುಟ್ಟವು: ಸೆಕೆಗೆ ಬೆವರಿದ ಬೆರಳು ಪರದೆಗೆ ಹಿಡಿಯುವುದಿಲ್ಲ, ಕರ್ಚೀಫು ಬೇಕೇ ಬೇಕು. ಮೆಸೇಜ್ ಸದ್ದು ಬರದಂತೆ ಏರೋಪ್ಲೇನ್ ಮೋಡ್. ಆಮೇಲೆ ಕೀಬೋರ್ಡಿನವರು ಪುಟ ತಿರುಗಿಸುವ ಪೆಡಲ್‌ಗಾಗಿ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಬೇಕು. ಕಳೆದ ಭಾನುವಾರ ಮರೆತು, ಎರಡನೇ ಚರಣದಲ್ಲಿ ಕೀಬೋರ್ಡ್ ನಿಂತೇ ಹೋಯಿತು.

ಒಂದು ಚಿಂತೆ ಉಳಿದಿದೆ. ಎಲ್ಲರ ಕಣ್ಣೂ ಪರದೆಯಲ್ಲೇ, ತಾಳ ತೋರಿಸುವ ನನ್ನ ಕೈ ಯಾರೂ ನೋಡುತ್ತಿಲ್ಲ. ಈ ವಾರ ಸ್ಟ್ಯಾಂಡ್‌ಗಳನ್ನು ಎದೆಮಟ್ಟಕ್ಕೆ ಎತ್ತಿಸಿ, ಪ್ರತಿ ಪುಟದ ಕೊನೆಯ ಎರಡು ಬಾರ್ (ಸ್ವರಲಿಪಿಯ ತಾಳದ ಖಂಡ) ಬಾಯಿಪಾಠ ಮಾಡಿಸುತ್ತೇನೆ. ಟೆನರ್‌ನಿಂದ ಶುರು.